ಪೌಡರ್ ಸಾಹೇಬರ ಗಡ್ಡ

ಫೋಟೋ ಬಂದಾಗ ನಾನು ಬೀದರದ ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದೆ. ಭಾಲ್ಕಿಯ ಕಚೇರಿಯಲ್ಲಿ ಹಿಂದೆ ಕೆಲಸ ಮಾಡಿದವರು, ಈಗ ಮಾಡುತ್ತಿರುವವರು ಎಲ್ಲ ಸೇರಿ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಯಾರೋ ಒಬ್ಬ ಮುದುಕರ ಫೋಟೋ ಹಾಕಿ, ಕೆಳಗೆ ‘ತೀರಿಕೊಂಡರು’ ಎಂದಷ್ಟೇ ಬರೆದಿದ್ದರು. ಕೆಂಪು ರೆಗ್ಜಿನ್ನಿನ ಕುರ್ಚಿ. ಅದರಲ್ಲಿ ಬಿಳಿ ಗಡ್ಡದ ಮನುಷ್ಯ. ಪಕ್ಕದಲ್ಲಿ ಕನ್ನಡಿಯ ಒಂದು ಅಂಚು. ತಲೆಗೂದಲು ಬಾಚಿಲ್ಲ, ಗಡ್ಡ ಎದೆಯ ಕಡೆ ಇಳಿದಿದೆ.

ಕೈ ಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಆಮೇಲೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ: ‘ಯಾರ್ರಿ ಇವರು?’

‘ಪೌಡರ್ ಸಾಹೇಬ್,’ ಎಂದು ಒಬ್ಬರು ಬರೆದರು.

‘ಏ ಸುಳ್ಳ್ರಿ. ಅವರಿಗಿ ಗಡ್ಡ ಎಲ್ಲಿತ್ತು?’ ಎಂದು ಇನ್ನೊಬ್ಬರು.

ಅಷ್ಟಕ್ಕೆ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಯಾರದೋ ಮಗಳ ಹುಟ್ಟುಹಬ್ಬದ ಕೇಕು ಬಂತು, ಫೋಟೋ ಮೇಲಕ್ಕೆ ಸರಿದು ಹೋಯಿತು. ನಿಜ ಹೇಳಬೇಕೆಂದರೆ ನನಗೂ ಮುಖ ನೋಡಿ ಗುರುತು ಸಿಕ್ಕಿರಲಿಲ್ಲ. ಅಂಗಿಯ ಕಾಲರ್ ನೋಡಿ ಸಿಕ್ಕಿತು. ಗಂಜಿ ಹಾಕಿ, ಇಸ್ತ್ರಿ ಮಾಡಿ, ಕುತ್ತಿಗೆಯ ಹತ್ತಿರ ಚಾಕುವಿನ ಹಾಗೆ ನಿಲ್ಲುವ ಆ ಬಿಳಿ ಕಾಲರ್ ನಮ್ಮ ಭಾಗದಲ್ಲಿ ಇನ್ನೊಬ್ಬರ ಕುತ್ತಿಗೆಗೆ ನಾನು ಕಂಡಿಲ್ಲ. ಡಬ್ಬಿ ಮುಚ್ಚಿಟ್ಟೆ.

ನಾನು ಡಾಬಕಾ ಎಂಬ ಹಳ್ಳಿಯವ. ಕುರಿ ಸಾಕುವ ಮನೆ ನಮ್ಮದು. ನಮ್ಮ ವಂಶದಲ್ಲಿ ಪದವಿ ಮುಗಿಸಿದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ, ಆಗುವುದೂ ಇಲ್ಲ. ಹಾಸ್ಟೆಲ್ಲಿನ ನೀರು ಬೇಳೆ ಉಂಡು, ರಜೆಯಲ್ಲಿ ಕುರಿ ಹಿಂದೆ ತಿರುಗುತ್ತ ಪುಸ್ತಕ ಓದಿ, ಪರೀಕ್ಷೆ ಬರೆದು ಭಾಲ್ಕಿಯ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಕೆಲಸಕ್ಕೆ ಹಾಜರಾಗುವ ಹಿಂದಿನ ದಿನ ನಮ್ಮಪ್ಪ ನನ್ನನ್ನು ಅಂಗಳದಲ್ಲಿ ಕೂಡಿಸಿ, ‘ಸಾಹೇಬ ಆಗ್ಲಕ ಹೊಂಟಾನ ನನ್ನ ಮಗ. ನಾನೇ ಛಂದ ಮಾಡಿ ಕಳಸ್ತೀನಿ,’ ಅಂತ ತಲೆ ಕತ್ತರಿಸಿದ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ. ನಮ್ಮ ಮನೆಯಲ್ಲಿ ಕುರಿಗೂ ಮಕ್ಕಳಿಗೂ ಅದೊಂದೇ ಕತ್ತರಿ.

ಮರುದಿನ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಎದುರು ಆದೇಶ ಹಿಡಿದು ನಿಂತೆ. ಬೆಳ್ಳಗಿನ ಅಂಗಿ, ನುಣ್ಣಗಿನ ಗದ್ದ, ಕಪ್ಪು ಬಣ್ಣ ಹಾಕಿ ಒಂದು ಕೂದಲೂ ಕದಲದಂತೆ ಬಾಚಿದ ತಲೆ, ಕುತ್ತಿಗೆಯ ಸುತ್ತ ಪೌಡರಿನ ತೆಳ್ಳನೆಯ ಗೆರೆ. ಅವರು ನನ್ನ ಆದೇಶ ನೋಡಲಿಲ್ಲ, ತಲೆ ನೋಡಿದರು.

‘ಏನ್ ತಮ್ಮಾ, ಕುರಿ ಕತ್ರಿಲೆ ಕಟಿಂಗ್ ಮಾಡಿಸ್ಕೊಂಡ್ಯೇನು?’

ಇಡೀ ಕೋಣೆ ನಕ್ಕಿತು. ಆದರೆ ನಾನು ಸುಳ್ಳು ಹೇಳುವವನಲ್ಲ.

‘ಹೌದ್ರಿ. ನಮ್ಮಪ್ಪ ಮಾಡ್ಯಾನ್ರಿ. ಕುರಿ ಕತ್ರಿಲೇ.’

ನಗು ನಿಂತಿತು. ಅವರು ಕುರ್ಚಿಯಿಂದ ಎದ್ದು ಬಂದು, ನನ್ನ ಸುತ್ತ ಒಂದು ಸುತ್ತು ಹಾಕಿ, ಗಂಭೀರವಾಗಿ ಹೇಳಿದರು: ‘ಕೈ ಚಲೋ ಅದ ನಿಮ್ಮಪ್ಪಂದು. ಎರಡೂ ಕಿವಿ ಉಳದಾವ.’

ಆಮೇಲೆ ನಕ್ಕಿದ್ದು ನಾನು. ಊಟದ ಹೊತ್ತಿಗೆ ಅವರೇ ನನ್ನನ್ನು ಬಸ್ ಸ್ಟ್ಯಾಂಡಿನ ಪಕ್ಕದ ಕಟಿಂಗ್ ದುಕಾನಿಗೆ ಕರೆದುಕೊಂಡು ಹೋದರು. ನನ್ನನ್ನು ಒಳಗೆ ಕಳಿಸಿ ತಾವು ಬಾಗಿಲ ಹೊರಗೇ ಬಿಸಿಲಲ್ಲಿ ನಿಂತರು. ದುಕಾನದವ, ‘ಒಳಗ ಬರ್ರಿ ಸಾಹೇಬ್ರ, ಕೂಡ್ರಿ, ಫ್ಯಾನ್ ಅದ,’ ಅಂದ. ‘ಇರ್ಲಿ, ಇಲ್ಲಿ ಗಾಳಿ ಅದ,’ ಅಂದರು ಇವರು. ಗಾಳಿ ಎಲ್ಲಿತ್ತು? ಎಲೆ ಅಲುಗಾಡದ ಬಿಸಿಲು. ಅಲ್ಲಿಂದಲೇ ಹುಕುಂ ಬರುತ್ತಿತ್ತು: ‘ಹಿಂದ ಜರಾ ಸಣ್ಣ ಮಾಡಪಾ. ಸೈಡಿಗಿ ಬರೋಬರಿ ಮಾಡು. ದಫ್ತರದ ಹುಡುಗ ಇದ್ದಾನ.’ ಯಾಕೆ ಒಳಗೆ ಬಂದು ಕೂಡಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ದೊಡ್ಡವರ ರೀತಿ ಹಾಗಿರಬಹುದು ಅಂದುಕೊಂಡೆ.

ಅವರು ಔರಾದ ತಾಲೂಕಿನವರು, ಸಂತಪುರದ ಕಡೆಯ ಒಂದು ಹಳ್ಳಿ. ಬೌದ್ಧ ಮನೆತನ. ಬೀದರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗಂಡ ಹೆಂಡತಿ ಇಬ್ಬರೇ ಇದ್ದರು, ಮಕ್ಕಳಾಗಿರಲಿಲ್ಲ. ದಿನಾ ಭಾಲ್ಕಿಗೆ ಬಸ್ಸು. ನಾನೂ ಬೀದರದಲ್ಲಿ ಕೋಣೆ ಮಾಡಿದ್ದೆ, ಹೀಗಾಗಿ ಜೊತೆಗೇ ಹೋಗುತ್ತಿದ್ದೆವು. ಕಂಡಕ್ಟರ್ ಅವರನ್ನು ನೋಡಿದ ಕೂಡಲೇ, ‘ಸರೀರಿ, ಸರೀರಿ, ಮದುಮಗ ಬಂದಾನ,’ ಅನ್ನುತ್ತಿದ್ದ. ಅವರು ಸಿಟ್ಟಾಗುತ್ತಿರಲಿಲ್ಲ. ಭಾಲ್ಕಿಯಲ್ಲಿ ಇಳಿದ ಮೇಲೆ ನೆಟ್ಟಗೆ ಕಚೇರಿಗೆ ಹೋಗುವವರಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಹಿಂದೆ ನಿಂತು ಪ್ಲಾಸ್ಟಿಕ್ ಚೀಲದಿಂದ ಒದ್ದೆ ಕರವಸ್ತ್ರ ತೆಗೆದು ಮುಖದ ಧೂಳು ಒರೆಸಬೇಕು, ಅಂಗೈಯಲ್ಲಿ ಪೌಡರ್ ಸುರಿದು ಹಚ್ಚಬೇಕು, ಬಾಚಬೇಕು, ಪ್ಯಾಂಟಿನ ಹಿಂಬದಿಗೆ ಒಂದೊಂದೇ ಬೂಟು ತಿಕ್ಕಬೇಕು. ಅಷ್ಟಾದ ಮೇಲೆಯೇ ಹೆಜ್ಜೆ ಮುಂದೆ. ನಾನು ಗಡಿಬಿಡಿ ಮಾಡಿದರೆ ಹೇಳುತ್ತಿದ್ದರು:

‘ದಫ್ತರಕ್ಕ ಮೊದಲು ಮಾರಿ ಹೋಗ್ತದ ತಮ್ಮಾ. ಡಿಗ್ರಿ ಹಿಂದಿಂದ ನಡಕೋತ ಬರ್ತದ.’

ಬೆನ್ನ ಹಿಂದೆ ಎಲ್ಲರೂ ಅವರನ್ನು ಪೌಡರ್ ಸಾಹೇಬ್ ಅನ್ನುತ್ತಿದ್ದರು. ಅವರಿಗೂ ಗೊತ್ತಿತ್ತು. ‘ಅನ್ಲಿ ಬಿಡು. ಸಾಹೇಬ್ ಅಂತೂ ಅಂತಾರಲ್ಲ,’ ಅನ್ನುತ್ತಿದ್ದರು.

ಒಂದು ದಿನ ದೂರದ ಹಳ್ಳಿಯಿಂದ ಒಬ್ಬ ಹಿರಿಯರು ಕಚೇರಿಗೆ ಬಂದರು. ದೊಡ್ಡ ರುಮಾಲು, ಕಿವಿಯಲ್ಲಿ ಬಂಗಾರ. ಇಷ್ಟು ಜನರಲ್ಲಿ ನೆಟ್ಟಗೆ ಇವರ ಮೇಜಿಗೇ ಬಂದು, ಎರಡೂ ಕೈ ಎತ್ತಿ ಮುಗಿದು, ‘ಸಾಹೇಬ್ರ, ನಂದೊಂದು ಕೆಲಸ ಅದರಿ,’ ಅಂದರು. ಇವರು ಕುರ್ಚಿ ತೋರಿಸಿ, ಕಾಗದ ನೋಡಿ, ಕೆಲಸ ಮಾಡಿಕೊಟ್ಟರು. ಹಿರಿಯರಿಗೆ ಖುಷಿ. ಎದ್ದು ಮತ್ತೆ ಕೈ ಎತ್ತುತ್ತ ಕೇಳಿದರು, ‘ಸಾಹೇಬ್ರದು ಯಾವೂರಾಯ್ತು? ಯಾರ ಪೈಕಿ?’

ಇವರು ಊರು ಹೇಳಿದರು. ಓಣಿಯನ್ನೂ ಹೇಳಿದರು, ಮುಚ್ಚಲಿಲ್ಲ.

ಹಿರಿಯರ ಕೈಗಳು ಎದೆಯ ಮಟ್ಟಕ್ಕೆ ಬಂದಿದ್ದವು. ಅಲ್ಲಿಂದ ಹಾಗೇ ಕೆಳಗಿಳಿದು ಪಂಚೆ ಸರಿಮಾಡತೊಡಗಿದವು. ‘ಆಯ್ತಪಾ, ಬರ್ತೀನಿ,’ ಅಂದು ಹೋದರು. ಬಂದಾಗ ಸಾಹೇಬ್ರು, ಹೋಗುವಾಗ ಅಪಾ.

ಇವರು ಖಾನೆಯಿಂದ ಸಣ್ಣ ಕನ್ನಡಿ ತೆಗೆದು ಮುಖ ನೋಡಿಕೊಂಡರು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿ, ‘ನೋಡ್ದಿ? ಇಸ್ತ್ರಿ, ಯಾವೂರು ಅಂತ ಕೇಳೋತನಕ ನಡೀತದ,’ ಅಂದರು. ನಗುವ ಮಾತಿನ ಹಾಗೇ ಹೇಳಿದ್ದರು. ಆದರೆ ಆ ಕನ್ನಡಿಯನ್ನು ಖಾನೆಯೊಳಗೆ ಇಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಾಲ ಬದಲಾಯಿತು. ಕಚೇರಿಗೆ ಹೊಸ ಹುಡುಗರು ಬಂದರು. ಒಬ್ಬನಿಗೆ ಪೊದೆಯಂಥ ಗಡ್ಡ, ಒಬ್ಬನಿಗೆ ಕಿವಿಯಲ್ಲಿ ಹರಳು, ಒಬ್ಬ ಕೂದಲು ಬೆಳೆಸಿ ಹಿಂದೆ ರಬ್ಬರ್ ಹಾಕಿ ಕಟ್ಟಿದ್ದ. ಪ್ಯಾಂಟು ಹಿಮ್ಮಡಿಗಿಂತ ಮೇಲೆ. ಮೊದಮೊದಲು ಇವರು ಒಬ್ಬೊಬ್ಬರನ್ನೇ ಕರೆದು, ‘ನಾಳಿಗಿ ದಾಡಿ ಮಾಡ್ಕೊಂಡು ಬಾ,’ ಅನ್ನುತ್ತಿದ್ದರು. ಗಡ್ಡದ ಹುಡುಗ ಒಂದು ದಿನ ತಿರುಗಿ ನಿಂತ.

‘ಸರ್, ಇದು ಬಿಟ್ಟ ದಾಡಿ ಅಲ್ರಿ, ಬೆಳೆಸಿದ ಗಡ್ಡ. ಇದಕ್ಕ ಎಣ್ಣಿ ಬ್ಯಾರೆ ಬರ್ತದ, ಬಾಚಣಗಿ ಬ್ಯಾರೆ ಬರ್ತದ. ನೀವು ಪೌಡರ್‌ಗಿ ಎಷ್ಟು ಟೈಮ್ ಕೊಡ್ತೀರೋ ನಾ ಇದಕ್ಕ ಅಷ್ಟೇ ಕೊಡ್ತೀನ್ರಿ.’

ಇವರು ಆ ಗಡ್ಡವನ್ನು ಹತ್ತಿರದಿಂದ ನೋಡಿದರು, ಮೂಸಿಯೂ ನೋಡಿದರು. ‘ವಾಸನಿ ಚಲೋ ಅದ. ಹಂಗಾದ್ರ ನೀನೂ ನಮ್ಮ ಪೈಕಿನೇ ಬಿಡು,’ ಅಂದುಬಿಟ್ಟರು. ಅವತ್ತಿನಿಂದ ಹುಡುಗರಿಗೆ ಏನೂ ಹೇಳಲಿಲ್ಲ. ತಮ್ಮದನ್ನೂ ಬಿಡಲಿಲ್ಲ.

ಆಮೇಲೆ ಬಂದ ಅಧಿಕಾರಿಯೇ ಗಡ್ಡದವರು. ಬೆಂಗಳೂರು ಕಡೆಯ ಚಿಕ್ಕ ವಯಸ್ಸಿನ ಒಳ್ಳೆಯ ಮನುಷ್ಯ. ಶನಿವಾರ ಜೀನ್ಸ್ ಹಾಕಿ ಬರುತ್ತಿದ್ದರು. ಒಂದು ಮೀಟಿಂಗಿನಲ್ಲಿ ಇವರನ್ನು ನೋಡಿ ನಗುತ್ತ ಅಂದರು, ‘ಏನ್ ಸರ್ ನೀವು, ಈ ಬಿಸಿಲಲ್ಲೂ ಇಷ್ಟೊಂದು ಟಿಪ್‌ಟಾಪು! ಈಗ ಯಾರೂ ಇದನ್ನೆಲ್ಲ ನೋಡಲ್ಲ. ಆರಾಮಾಗಿ ಬನ್ನಿ. ಒಂದೆರಡು ದಿನ ಶೇವ್ ಮಾಡದಿದ್ರೆ ಏನಾಗತ್ತೆ?’

ಇವರು ಎದ್ದು ನಿಂತರು. ಮೆಲ್ಲಗೇ ಮಾತಾಡಿದರು.

‘ಸಾಹೇಬ್ರ, ನೀವು ದಾಡಿ ಬಿಟ್ರ ಸ್ಟೈಲ್ ಅಂತಾರ್ರಿ. ನಾ ಬಿಟ್ರ ಮಾರಿ ತೊಳ್ಕೊಂಡಿಲ್ಲ ಅಂತಾರ್ರಿ.’

ಅಧಿಕಾರಿ ತಮ್ಮ ಗಡ್ಡದ ಮೇಲೆ ಕೈಯಾಡಿಸಿಕೊಂಡು ಮುಂದಿನ ಫೈಲು ತೆಗೆದರು. ಹೊರಗೆ ಬಂದ ಮೇಲೆ ಇವರು ನನ್ನ ಕೈ ಹಿಡಿದು ಕೇಳಿದರು, ‘ಭಾಳ ಮಾತಾಡ್ದೆನೇನೋ ತಮ್ಮಾ?’ ‘ಇಲ್ರಿ, ಬರೋಬರಿ ಅಂದ್ರಿ,’ ಅಂದೆ. ಅವತ್ತು ಬಸ್ಸಿನಲ್ಲಿ ಬೀದರ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಅವರ ಮನೆಗೆ ನಾನು ಭಾನುವಾರ ಹೋಗುತ್ತಿದ್ದೆ. ಒಳಗಿನ ಕೋಣೆಯ ಗೋಡೆಗೆ ಒಂದು ಕಡೆ ಬುದ್ಧ, ಇನ್ನೊಂದು ಕಡೆ ನೀಲಿ ಸೂಟಿನ, ಕನ್ನಡಕದ ದೊಡ್ಡ ಫೋಟೋ. ‘ಅವರ ಟೈ ನೋಡು. ಒಂದಾದ್ರೂ ಮಡತಿ ಸೊಟ್ಟ ಅದೇನು?’ ಎಂದು ನನಗೆ ತೋರಿಸುತ್ತಿದ್ದರು. ಭಾನುವಾರ ಹಿತ್ತಲಲ್ಲಿ ಅವರ ಹೆಂಡತಿ ಅವರ ತಲೆ ಕತ್ತರಿಸಿ, ಬಣ್ಣ ಹಚ್ಚುತ್ತಿದ್ದರು. ಆ ತಾಯಿಯ ತವರು ಮಹಾರಾಷ್ಟ್ರದ ಗಡಿಯ ಆಚೆಗೆ. ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. ‘ಹಲೂ ನಕಾ! ಅಲಗಾಡಿದ್ರ ಕಿವಿ ಹೋಗ್ತದ ನೋಡ್ರಿ,’ ಎಂದು ಗದರುತ್ತಿದ್ದರು. ಕಚೇರಿಯಲ್ಲಿ ಎಲ್ಲರನ್ನೂ ಅಲುಗಾಡಿಸುವ ಹೆಡ್ ಕ್ಲರ್ಕ್ ಅಲ್ಲಿ ಟವಲ್ ಹೊದ್ದು ಕಲ್ಲಿನ ಹಾಗೆ ಕೂತಿರುತ್ತಿದ್ದರು.

‘ದುಕಾನಿಗಿ ಯಾಕ ಹೋಗಂಗಿಲ್ರಿ ಸರ್?’ ಎಂದು ಒಮ್ಮೆ ಕೇಳಿದೆ. ‘ನನ್ನ ಕರಕೊಂಡು ಹೋದಾಗೂ ಹೊರಗೇ ನಿಂತ್ರಿ.’

ಕತ್ತರಿ ನಿಲ್ಲಿಸಿ ಆ ತಾಯಿಯೇ, ‘ಹೇಳ್ರಿ, ತಮ್ಮ ಕೇಳ್ಲತಾನಲ್ಲ. ಹೇಳಿದ್ರ ಹೊಟ್ಟಿ ಹಗುರ ಆಗ್ತದ,’ ಅಂದರು.

ಊರಲ್ಲಿ ಕ್ಷೌರದವನು ಬೇವಿನ ಗಿಡದ ಕೆಳಗೆ ಒಂದು ಮರದ ಕುರ್ಚಿ ಹಾಕಿಕೊಂಡಿದ್ದ. ಇವರ ಓಣಿಯವರ ತಲೆ ಮುಟ್ಟುತ್ತಿರಲಿಲ್ಲ. ಇವರಿಗೆ ಅವ್ವನೇ ಕತ್ತರಿಸುತ್ತಿದ್ದಳು. ಹತ್ತನೇ ಇಯತ್ತೆಯ ಪರೀಕ್ಷೆಗೆ ಫೋಟೋ ಬೇಕಾಯಿತು. ಮಾಸ್ತರರು ಸಾಲಿಯಲ್ಲಿ ಎಲ್ಲರಿಗೂ, ‘ಕಟಿಂಗ್ ಮಾಡಿಸ್ಕೊಂಡು ಬರ್ರಿ,’ ಅಂದರು. ಹುಡುಗರೆಲ್ಲ ಗುಂಪಾಗಿ ಹೋದರು, ಇವರೂ ಹೋದರು. ಸರದಿ ಬಂದಾಗ ಹೋಗಿ ಕುರ್ಚಿಯಲ್ಲಿ ಕೂತರು. ಎದುರಿಗೆ ಗಿಡಕ್ಕೆ ಕಟ್ಟಿದ ಕನ್ನಡಿ. ಅಷ್ಟು ದೊಡ್ಡ ಕನ್ನಡಿಯಲ್ಲಿ ತಮ್ಮ ಮುಖ ನೋಡಿದ್ದು ಅದೇ ಮೊದಲು.

‘ಏಳು ಅಂದ,’ ಅಂದರು ಅವರು. ‘ಒದರಲಿಲ್ಲ, ಬೈಲಿಲ್ಲ. ಮೆಲ್ಲಕ ಏಳು ಅಂದ. ಎದ್ದೆ. ಅಂವ ಕೆಟ್ಟವ ಅಲ್ಲ ತಮ್ಮಾ. ನನ್ನ ತೆಲಿ ಮುಟ್ಟಿದ್ರ ಉಳಿದವರ ತೆಲಿ ಅವಗ ಸಿಗ್ತಿದ್ದಿಲ್ಲ. ಅಂವನೂ ಹೆದರಿದ್ದ. ಅವನ ಮ್ಯಾಲ ನಂಗ ಸಿಟ್ಟಿಲ್ಲ.’ ಟವಲಿನ ಮೇಲಿನ ಕೂದಲು ಕೊಡವಿ ಅಂದರು, ‘ಆದ್ರ ಆ ಕುರ್ಚಿ ಬಿಸಿ ಇನ್ನಾ ಅದ. ಯಾವ ದುಕಾನದ ಮುಂದ ಹೋದ್ರೂ ಕುಂಡಿಗಿ ಹತ್ತತದ.’

‘ಏ, ಏನ್ ಮಾತಾಡ್ತೀರಿ ಹುಡುಗನ ಮುಂದ,’ ಎಂದು ಆ ತಾಯಿ ತಲೆಗೆ ಮೊಟಕಿದರು. ಮೂವರೂ ನಕ್ಕೆವು.

ಆ ತಾಯಿ ತೀರಿಕೊಂಡಿದ್ದು ಇವರ ನಿವೃತ್ತಿಗೆ ಸ್ವಲ್ಪ ಮೊದಲು. ಜ್ವರ ಬಂದದ್ದೇ ನೆಪ, ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮರುವಾರ ಇವರು ಕೆಲಸಕ್ಕೆ ಹಾಜರಾದರು. ಗದ್ದ ನುಣ್ಣಗೆ, ಕಾಲರ್ ನೆಟ್ಟಗೆ. ಹುಡುಗರು ‘ಪೌಡರ್ ಸಾಹೇಬ್ ಗಟ್ಟಿ ಮನಷ್ಯಾ’ ಅಂದುಕೊಂಡರು. ಆದರೆ ದಿನ ಕಳೆದಂತೆ ತಲೆಗೂದಲು ಕಿವಿ ಮೇಲೆ ಬರತೊಡಗಿತು, ಬುಡದಲ್ಲಿ ಬಿಳುಪು ಇಣುಕಿತು. ಒಂದು ಸಂಜೆ ಬಸ್ಸಿನಲ್ಲಿ ನನ್ನ ಕಡೆ ನೋಡದೆ ಕೇಳಿದರು:

‘ನಿಮ್ಮಪ್ಪನ ಕೆಲಸ ನಿಂಗ ಬರ್ತದೇನು?’

ಆ ಭಾನುವಾರ ಅದೇ ಹಿತ್ತಲಲ್ಲಿ, ಆ ತಾಯಿಯ ಕತ್ತರಿಯಿಂದಲೇ ನಾನು ಅವರ ತಲೆ ಕತ್ತರಿಸಿದೆ. ಕುರಿಯ ಹಾಗೆ ಕಾಲಿನ ನಡುವೆ ಅವುಚಿಕೊಳ್ಳುವುದು ಬೇಕಿರಲಿಲ್ಲ, ಅದೊಂದೇ ಸುಲಭ. ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ, ಹೆಡ್ ಕ್ಲರ್ಕ್ ಸಾಹೇಬರ ತಲೆ ನಾನೇ ಮಾಡುತ್ತೇನೆ ಎಂದು. ಅಪ್ಪ ಬೀಡಿ ಆರಿಸಿ, ‘ಕಿವಿ ಹುಷಾರ್,’ ಅಂದ. ಅಷ್ಟೇ. ಆಮೇಲೆ ತಿಂಗಳಿಗೊಮ್ಮೆ ನನ್ನ ಭಾನುವಾರ ಅವರಿಗೆ. ಬಣ್ಣ ಮಾತ್ರ ಬೇಡ ಅಂದರು. ‘ಅಕಿ ಹಚ್ತಿದ್ಳು. ಸಾಕು.’ ಬಿಳಿ ತಲೆಯಲ್ಲೇ ನಿವೃತ್ತಿಯಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಫೋಟೋ ತೆಗೆಯುವಾಗ, ‘ನಿಂದರಪಾ’ ಎಂದು ಫೋಟೋದವನನ್ನು ನಿಲ್ಲಿಸಿ, ಜೇಬಿನಿಂದ ಬಾಚಣಿಗೆ ತೆಗೆದು ಬಾಚಿಕೊಂಡೇ ಒಳಗೆ ಇಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು.

ನಿವೃತ್ತಿಯ ನಂತರ ದಿನಾ ಮುಂಜಾನೆ ದಾಡಿ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಹೋಗುವ ಊರಿಲ್ಲ, ಹತ್ತುವ ಬಸ್ಸಿಲ್ಲ. ಬೂಟು ಮಾತ್ರ ಕಾಲಲ್ಲಿ. ಓಣಿಯ ಮಕ್ಕಳು ‘ಅಜ್ಜಾ, ಎಲ್ಲಿಗಿ ಹೊಂಟೀರಿ?’ ಅಂದರೆ, ‘ಬಂದೀನಿ ಈಗ,’ ಅನ್ನುತ್ತಿದ್ದರು.

ಆಮೇಲೆ ಕೈ ನಡುಗತೊಡಗಿತು. ಚಹಾದ ಬಟ್ಟಲು ಬಸಿಯ ಮೇಲೆ ತಾಳ ಹಾಕುತ್ತಿತ್ತು. ಗದ್ದದ ಮೇಲೆ ಅಲ್ಲಲ್ಲಿ ಬ್ಲೇಡಿನ ಗಾಯ, ಅದರ ಮೇಲೆ ಕಾಗದದ ಚೂರು. ಒಂದು ತಿಂಗಳು ನಾನು ಹೋದಾಗ ಕಟ್ಟೆ ಖಾಲಿಯಿತ್ತು, ಬಾಗಿಲು ಒಳಗಿನಿಂದ ಹಾಕಿತ್ತು. ಬಹಳ ಹೊತ್ತು ಕರೆದ ಮೇಲೆ ತೆರೆದರು. ಮುಖದ ತುಂಬ ಬಿಳಿ ಗಡ್ಡ. ಟವಲಿನಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದರು, ಹೊಸ ಸೊಸೆಯ ಹಾಗೆ.

‘ಸಂಡಾಸಕ್ಕ ಬಿಟ್ರ ಹೊರಗ ಹೋಗಿಲ್ಲ,’ ಅಂದರು. ‘ಹಾಲಿನವ ಬಾಗಲ ಸಂದಿಲೇ ಕೊಡ್ತಾನ.’

ಅದು ನವೆಂಬರ್. ಪಿಂಚಣಿದಾರರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಜೀವಂತ ಇದ್ದೇವೆ ಎಂದು ತೋರಿಸಿ ಬರಬೇಕಾದ ತಿಂಗಳು. ಇವರು ಹೋಗಿರಲಿಲ್ಲ. ಹೋಗದಿದ್ದರೆ ಪಿಂಚಣಿ ನಿಲ್ಲುತ್ತದೆ, ಅದು ಬಿಟ್ಟರೆ ಅವರಿಗೆ ಬೇರೆ ಆಧಾರವಿಲ್ಲ. ಹೇಳಿದೆ. ತಲೆ ಅಲ್ಲಾಡಿಸಿದರು.

‘ಈ ಮಾರಿ ತಗೊಂಡು ನಾ ಬ್ಯಾಂಕಿಗಿ ಬರಂಗಿಲ್ಲ. ನಿಂತ್ರ ನಿಲ್ಲಲಿ.’

‘ದುಕಾನಿಗಿ ಹೋಗಿ ಮಾಡಿಸ್ಕೊಂಡು ಬರೋಣ್ರಿ.’

‘ಒಲ್ಲೆ.’

‘ಹಂಗಾರ ನಾ ಮಾಡ್ತೀನ್ರಿ.’

‘ನೀ ಬ್ಲೇಡ್ ಹಿಡದ್ರ ನಾ ಇವತ್ತೇ ಹೋಗ್ತೀನಿ, ಆಮ್ಯಾಲ ಬ್ಯಾಂಕಿಂದೇನು ಕೆಲಸ?’ ಅಂದರು. ಅಷ್ಟು ಹೊತ್ತಿನಲ್ಲಿ ಅದೊಂದು ನಗು. ಆಮೇಲೆ ಗೋಡೆಯ ಕಡೆ ನೋಡುತ್ತ, ‘ಕತ್ರಿ ಆದ್ರ ಆಗ್ಲಿ,’ ಅಂದರು.

ಗಡ್ಡವನ್ನು ಕತ್ತರಿಯಿಂದಲೇ ಚರ್ಮಕ್ಕೆ ಹತ್ತುವಷ್ಟು ಸಣ್ಣಗೆ ತೆಗೆದೆ. ಗದ್ದ ಹಿಡಿದಾಗ ಅವರು ಕಣ್ಣು ಮುಚ್ಚಿಕೊಂಡರು. ಉಳಿದ ಚುಕ್ಕೆಗಳ ಮೇಲೆ ಅವರೇ ಪೌಡರ್ ಬಳಿದುಕೊಂಡರು. ಅಂಗಿಗೆ ಎರಡು ಸಲ ಇಸ್ತ್ರಿಯಾಯಿತು. ಬೂಟು ಹೊಳೆಯಿತು. ಆಟೋದಲ್ಲಿ ಬ್ಯಾಂಕು ಮುಟ್ಟುವವರೆಗೂ ಕೇಳಿದ್ದೇ ಕೇಳಿದ್ದು: ‘ಕಾಣ್ಲತದೇನು? ಬಿಳಿ ಕಾಣ್ಲತದೇನು?’

ಬ್ಯಾಂಕಿನ ಕಿಟಕಿಯ ಹಿಂದೆ ಟೀ ಶರ್ಟಿನ ಗಡ್ಡದ ಹುಡುಗ. ಕಂಪ್ಯೂಟರಿನಿಂದ ಕಣ್ಣು ಎತ್ತದೆ, ‘ಆಧಾರ್ ಹೇಳ್ರಿ. ಬೆರಳು ಇಡ್ರಿ,’ ಅಂದ. ಇವರ ಹೆಬ್ಬೆರಳು ಸಣ್ಣ ಯಂತ್ರದ ಮೇಲೆ ನಡುಗಿತು, ಯಂತ್ರ ಹಿಡಿಯಲಿಲ್ಲ. ಹುಡುಗ ಪರದೆ ನೋಡುತ್ತಲೇ ಕೈ ಚಾಚಿ ಅವರ ಬೆರಳನ್ನು ಒತ್ತಿ ಹಿಡಿದ. ಕುಂಯ್ ಅಂತ ಸದ್ದಾಯಿತು.

‘ಆಯ್ತು ಅಂಕಲ್. ಮುಂದಿನವರು ಬರ್ರಿ.’

ಇವರು ಅಲ್ಲೇ ನಿಂತಿದ್ದರು, ಕಾಲರ್ ನೆಟ್ಟಗೆ ಮಾಡಿಕೊಂಡು, ಗದ್ದ ಸ್ವಲ್ಪ ಮೇಲೆತ್ತಿ. ‘ನಾ ಜಿಂದಾ ಅದೀನಿ ಅಂತ ಬರ್ಕೊಂಡ್ರೇನ್ರಿ?’

‘ಮಷೀನ್ ತಗೊಂಡದ ಅಂಕಲ್. ಸರೀರಿ.’

ಮೆಟ್ಟಿಲ ಮೇಲೆ ಬಂದು ನಿಂತರು. ಎದುರು ರಸ್ತೆಯಲ್ಲಿ ಆಟೋಗಳು, ಕಾಲೇಜಿನ ಹುಡುಗರು, ಜನವೋ ಜನ.

‘ಮಾರಿ ನೋಡಲೇ ಇಲ್ಲಲ್ಲೋ ತಮ್ಮಾ.’

‘ಈಗ ಬೆರಳು ಸಾಕಂತ್ರಿ.’

‘ಮೊದಲೇ ಗೊತ್ತಿದ್ರ...’ ಅಂದು ಗದ್ದ ಮುಟ್ಟಿಕೊಂಡರು. ಬೆರಳಿಗೆ ಪೌಡರ್ ಹತ್ತಿತು. ಅದನ್ನು ನೋಡುತ್ತ, ‘ಇಷ್ಟು ವರ್ಷ ಖಾಲಿಪೀಲಿ ತಿಕ್ಕಿದೆನಲ್ಲ,’ ಅಂದರು. ಯಾರೂ ಮುಖ ನೋಡಿ ಊರು ಕೇಳದ ಕಾಲ ಬರಲಿ ಎಂದೇ ನಾವಿಬ್ಬರೂ ಓದಿದವರು. ಬಂದಿತ್ತು. ಆದರೆ ಆ ಮೆಟ್ಟಿಲ ಮೇಲೆ ಅವರಷ್ಟು ಒಬ್ಬಂಟಿಯಾಗಿ ನಿಂತವರನ್ನು ನಾನು ನೋಡಿಲ್ಲ.

ಸ್ವಲ್ಪ ದಿನಕ್ಕೆ ಅಣ್ಣನ ಮಗ ಬಂದು ಅವರನ್ನು ಊರಿಗೆ ಕರೆದುಕೊಂಡು ಹೋದ. ಸಂತಪುರದಿಂದ ಔರಾದಕ್ಕೆ ಆಟೋ ಹೊಡೆಯುವವನು, ಒಳ್ಳೆಯವನು. ಹೋಗುವಾಗ ಇವರು ಆ ತಾಯಿಯ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ‘ಅಲ್ಲಿ ಯಾರ ಕೈಲಿ ಮಾಡಿಸ್ಕೋತೀರಿ?’ ಎಂದು ಕೇಳಿದೆ. ‘ನೋಡೋಣು,’ ಅಂದರು.

ಅದಾಗಿ ವರ್ಷದ ಮೇಲೆ, ಫೋಟೋ ಬಂದ ಮಧ್ಯಾಹ್ನವೇ ರಜೆ ಹಾಕಿ ಔರಾದ ಬಸ್ಸು ಹತ್ತಿದೆ. ಸಂತಪುರದಲ್ಲಿ ಇಳಿದು ಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮನೆಯ ಮುಂದೆ ಬಿಳಿ ಸೀರೆಯ ಹೆಂಗಸರು ಕೂತಿದ್ದರು. ಅಣ್ಣನ ಮಗ ನನ್ನನ್ನು ನೋಡಿ ಎದ್ದು ಬಂದ. ಅವನದೂ ಗಡ್ಡ, ಅಂಚಿಗೆ ಗೆರೆ ಎಳೆದಂತೆ ತಿದ್ದಿಸಿದ್ದು.

‘ಸರ್, ನಿಮ್ಮ ಹೆಸರು ಭಾಳ ತಗೀತಿದ್ರು ಕಾಕಾ.’

‘ಗಡ್ಡ ಕಡೀತನಕ ಹಾಂಗೇ ಇತ್ತೇನು?’ ನನ್ನ ಬಾಯಿಂದ ಬಂದ ಮೊದಲ ಮಾತು ಅದೇ.

‘ಹಾಂಗೇ ಇತ್ರಿ. ಹೋದ ವಾರ ದಾಡಿ ಮಾಡಿಸ್ಲಕ ಅಂತೇ ಕಟಿಂಗ್ ದುಕಾನಿಗಿ ಕರಕೊಂಡು ಹೋಗಿದ್ದೆ. ಅವರೇ ನಡಿ ಅಂದ್ರು. ಔರಾದಕ್ಕ ಹೋಗೋಣು, ಅಲ್ಲಿ ಎಸಿ ಅದ ಅಂದ್ರ ಒಲ್ಲೆ ಅಂದ್ರು. ಊರಾಗಿಂದೇ ಬೇಕಂತ.’

ಊರ ದುಕಾನು ಈಗ ರಸ್ತೆಯ ಮೇಲೆ, ಬಸ್ಸು ನಿಲ್ಲುವಲ್ಲಿ. ಗಾಜಿನ ಬಾಗಿಲು, ದೊಡ್ಡ ಕನ್ನಡಿ. ನಡೆಸುವವನು ಆ ಬೇವಿನ ಗಿಡದವನ ಮೊಮ್ಮಗ. ಓಣಿಯ ಹುಡುಗರೆಲ್ಲ ಅಲ್ಲೇ ಹೋಗುತ್ತಾರೆ. ‘ಈಗ ಯಾರೂ ಏನೂ ಅನ್ನಂಗಿಲ್ರಿ,’ ಅಂದ ಅಣ್ಣನ ಮಗ. ‘ನಾವು ಒಳಗ ಇದ್ರ ಊರ ಹಿರಿಯರು ಒಬ್ಬಿಬ್ಬರು ಹೊರಗೇ ನಿಂತಿರ್ತಾರ. ನಾವು ಹೊರಗ ಬಂದ ಮ್ಯಾಲ ಬರ್ತಾರ. ನಿಂದರ್ಲಿ ಬಿಡ್ರಿ, ಬಿಸಲಿಗಿ.’

ಕಾಕಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರಂತೆ. ದುಕಾನದ ಹುಡುಗ ಬಟ್ಟೆ ಝಾಡಿಸಿ, ‘ಏನ್ ಮಾಡ್ಲಿ ಕಾಕಾ? ಪೂರಾ ತಗೀಲೇನು, ಸೆಟ್ ಮಾಡ್ಲೇನು?’ ಎಂದು ಕೇಳಿದನಂತೆ.

‘ಏನೂ ಬ್ಯಾಡಪಾ. ಕೂಡ್ಲಕ ಬಂದೀನಿ.’

ಹುಡುಗ ಅಣ್ಣನ ಮಗನ ಮುಖ ನೋಡಿದ. ಇವನು ‘ಇರ್ಲಿ’ ಎಂದು ಸನ್ನೆ ಮಾಡಿದ. ಹುಡುಗ ಫ್ಯಾನಿನ ಗುಂಡಿ ಒತ್ತಿ, ಬಂದವರಿಗೆಲ್ಲ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತ ಹೋದ. ಬಾಗಿಲ ಹೊರಗೆ ಒಬ್ಬರು ಹಿರಿಯರು ನಿಂತು ನಿಂತು ಹೊರಟು ಹೋದರು. ಕಾಕಾ ಕನ್ನಡಿಯಲ್ಲಿ ತಮ್ಮನ್ನೇ ನೋಡುತ್ತ ಕೂತಿದ್ದರು. ಆಮೇಲೆ ಅಣ್ಣನ ಮಗನನ್ನು ಕರೆದು, ‘ಫೋಟೋ ತಗಿ,’ ಅಂದರು.

‘ಬಾಚ್ಕೋರಿ ಕಾಕಾ, ತೆಲಿ ಹಾರ್ಯದ ಅಂದೆ. ಬ್ಯಾಡ, ಹಿಂಗೇ ತಗಿ ಅಂದ್ರು. ಅದೇ ಫೋಟೋನೇ ಇವತ್ತು ಎಲ್ಲರಿಗಿ ಕಳಿಸೀನ್ರಿ. ಬ್ಯಾರೆ ಇದ್ದಿಲ್ಲ ನನ್ನ ಹಂತೇಕ.’

‘ಮುಂದ?’

‘ಮುಂದೇನಿಲ್ರಿ. ಎದ್ದು ಬಂದ್ರು. ಆಟೋದಾಗ ಕೇಳ್ದೆ, ದಾಡಿ ಯಾಕ ಮಾಡಿಸ್ಕೊಳ್ಳಿಲ್ಲ ಕಾಕಾ ಅಂತ. ನಕ್ರು. ಯಾರೂ ಏಳು ಅನ್ಲಿಲ್ಲ ನೋಡು, ಈ ಸಲ ನಾನೇ ಎದ್ದೆ ಅಂದ್ರು.’ ಅವನು ಗಡ್ಡ ಕೆರೆದುಕೊಂಡ. ‘ಏನಂದ್ರೋ, ನಂಗ ತಿಳೀಲಿಲ್ರಿ.’

ನಾನು ತಿಳಿಸಲಿಲ್ಲ. ಇನ್ನೊಮ್ಮೆ ಹೋದಾಗ ಹೇಳುತ್ತೇನೆ, ಅವನಿಗೆ ಗೊತ್ತಿರಬೇಕು.

ಸಂತಪುರದಲ್ಲಿ ಬಸ್ಸಿಗೆ ಕಾಯುತ್ತ ಫೋನ್ ತೆಗೆದೆ. ಗುಂಪಿನಲ್ಲಿ ‘ಯಾರ್ರಿ ಇವರು?’ ಎಂಬ ಪ್ರಶ್ನೆ ಕೇಕಿನ ಮೇಲೆ ಎಲ್ಲೋ ಉಳಿದಿತ್ತು. ಹುಡುಕಿ ತೆಗೆದು, ಅದರ ಕೆಳಗೆ ಅವರ ಪೂರ್ತಿ ಹೆಸರು, ಊರು, ಹುದ್ದೆ ಬರೆದು ಹಾಕಿದೆ. ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಬೆನ್ನು ಪೂರ್ತಿ ಕುರ್ಚಿಗೆ ಆನಿಸಿ ಕೂತಿದ್ದಾರೆ. ಎರಡೂ ಕೈ ಹಿಡಿಕೆಗಳ ಮೇಲಿವೆ. ಅಷ್ಟು ನಡುಗುವ ಕೈ, ಫೋಟೋದಲ್ಲಿ ನಡುಗುತ್ತಿಲ್ಲ.